ಸಬ್‌ಡೊಮೇನ್ ತೆರೆಯುತ್ತಿಲ್ಲವೇ? ‘48 ಗಂಟೆ ಕಾಯ್ರಿ’ ಎನ್ನುವ ಮುನ್ನ ನೋಡಬೇಕಾದ್ದು

ದಾವಣಗೆರೆಯ ಮಂಡಿಪೇಟೆಯ ಅಂಗಡಿಯೊಂದಕ್ಕೆ ಆಗಲೇ ವೆಬ್‌ಸೈಟ್ ಇದೆ ಎಂದಿಟ್ಟುಕೊಳ್ಳಿ. ಈಗ ಆರ್ಡರ್ ತೆಗೆದುಕೊಳ್ಳುವುದಕ್ಕೆ ಪ್ರತ್ಯೇಕ ಪುಟ ಬೇಕು. ಅದಕ್ಕೆ ‘ಆರ್ಡರ್.ನಮ್ಮಂಗಡಿ.ಇನ್’ ಎಂಬ ಸಬ್‌ಡೊಮೇನ್ ಮಾಡಿ, ಕಂಪನಿಯ ಸೆಟ್ಟಿಂಗ್ ಪುಟದಲ್ಲಿ (ಪ್ಯಾನೆಲ್) ರೆಕಾರ್ಡ್, ಅಂದರೆ ಆ ಹೆಸರು ಯಾವ ಸರ್ವರಿಗೆ ಹೋಗಬೇಕೆಂಬ ನಮೂದು, ಸೇರಿಸಿದ್ದೂ ಆಯಿತು. ಫೋನಿನಲ್ಲಿ ಒತ್ತಿದರೆ ಸೈಟ್ ಸಿಗುತ್ತಿಲ್ಲ. ಮಾಡಿಕೊಟ್ಟವರನ್ನು ಕೇಳಿದರೆ ಒಂದೇ ಉತ್ತರ: “ಪ್ರೊಪಗೇಷನ್ ಆಗ್ತೈತ್ರಿ ಯಜಮಾನ್ರೆ, 48 ಗಂಟೆ ಕಾಯ್ರಿ.” ಎರಡು ದಿನ ಕಳೆಯುತ್ತದೆ, ಸೈಟ್ ಮಾತ್ರ ತೆರೆಯುವುದಿಲ್ಲ. ರೆಕಾರ್ಡಿನಲ್ಲೇ ತಪ್ಪಿದ್ದರೆ ಎಷ್ಟು ಕಾದರೂ ಅದು ತಾನಾಗಿ ಸರಿಹೋಗದು. ಹತ್ತು ನಿಮಿಷ ಕೂತು ಸರಿಯಾದ ಸರ್ವರನ್ನು ಸರಿಯಾದ ಪ್ರಶ್ನೆ ಕೇಳಿದರೆ ತಪ್ಪು ಎಲ್ಲಿದೆ ಎಂಬುದು ಬಹುಪಾಲು ಸಲ ಅಲ್ಲೇ ಗೊತ್ತಾಗುತ್ತದೆ.

ಈ ಬರಹದಲ್ಲಿ ಕಮಾಂಡುಗಳನ್ನೂ ಡೊಮೇನ್ ಹೆಸರುಗಳನ್ನೂ ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರದಲ್ಲಿ ಹಾಕಿ, ‘ನಮ್ಮಂಗಡಿ’ ಇರುವಲ್ಲಿ ನಿಮ್ಮ ಡೊಮೇನ್ ಇಟ್ಟುಕೊಳ್ಳಿ. 203.0.113 ಮತ್ತು 198.51.100 ಎಂದು ಶುರುವಾಗುವ ವಿಳಾಸಗಳು ಉದಾಹರಣೆಗೆಂದೇ ಮೀಸಲಿಟ್ಟವು, ಯಾವ ನಿಜವಾದ ಸರ್ವರಿಗೂ ಸೇರಿದವಲ್ಲ.

ಆ 48 ಗಂಟೆ ಎಲ್ಲಿಂದ ಬಂತು

ಡಿಎನ್‌ಎಸ್ ಎಂದರೆ ಡೊಮೇನ್ ಹೆಸರಿಗೆ ಸರ್ವರಿನ ಅಂಕಿಯ ವಿಳಾಸವನ್ನು (ಐಪಿ) ಹುಡುಕಿಕೊಡುವ ವ್ಯವಸ್ಥೆ. ‘ಪ್ರೊಪಗೇಷನ್’ ಎಂದರೆ ಹರಡುವುದು, ಆದರೆ ಡಿಎನ್‌ಎಸ್ ರೆಕಾರ್ಡ್ ಎಲ್ಲಿಗೂ ಹರಡುವುದಿಲ್ಲ. ನಿಮ್ಮ ನೇಮ್‌ಸರ್ವರ್ ಅದನ್ನು ತನ್ನಲ್ಲೇ ಇಟ್ಟುಕೊಂಡು ಕೂತಿರುತ್ತದೆ, ಕೇಳಿದವರಿಗೆ ಹೇಳುತ್ತದೆ. ಕೇಳುವವರು ರಿಸಾಲ್ವರುಗಳು, ಅಂದರೆ ನಿಮ್ಮ ಫೋನಿನ ಪರವಾಗಿ ವಿಳಾಸ ಕೇಳಿ ತರುವ ಸರ್ವರುಗಳು: ಜಿಯೊ, ಏರ್‌ಟೆಲ್, ಬಿಎಸ್‌ಎನ್‌ಎಲ್‌ನವು, ಗೂಗಲ್‌ನ 8.8.8.8, ಕ್ಲೌಡ್‌ಫ್ಲೇರ್‌ನ 1.1.1.1. ಒಮ್ಮೆ ಕೇಳಿದ ಉತ್ತರವನ್ನು ಅವು ಟಿಟಿಎಲ್ ಎಂಬ ಅವಧಿಯವರೆಗೆ ಕ್ಯಾಶೆಯಲ್ಲಿ ಇಟ್ಟುಕೊಳ್ಳುತ್ತವೆ. ಪಹಣಿಯ ಹಾಗೆ. ತಾಲ್ಲೂಕು ಕಚೇರಿಯ ದಾಖಲೆಯಲ್ಲಿ ತಿದ್ದುಪಡಿಯಾದರೂ ನಿಮ್ಮ ಜೇಬಿನಲ್ಲಿರುವ ಜೆರಾಕ್ಸ್ ಪ್ರತಿ ಹಳೆಯದನ್ನೇ ಹೇಳುತ್ತಿರುತ್ತದೆ.

‘ಡಾಟ್ ಕಾಮ್’ನ ಮೇಲಿನ ಸರ್ವರುಗಳು ಒಂದು ಡೊಮೇನಿನ ನೇಮ್‌ಸರ್ವರ್ ಪಟ್ಟಿಯನ್ನು 172800 ಸೆಕೆಂಡಿನ ಟಿಟಿಎಲ್‌ನೊಂದಿಗೆ ಕೊಡುತ್ತವೆ. ಲೆಕ್ಕ ಹಾಕಿದರೆ ಸರಿಯಾಗಿ ಎರಡು ದಿನ. ನೇಮ್‌ಸರ್ವರನ್ನೇ ಬದಲಿಸಿದಾಗ ಈ 48 ಗಂಟೆಗೆ ಅರ್ಥವಿದೆ. ಹೊಸದಾಗಿ ಒಂದು ಸಬ್‌ಡೊಮೇನ್ ಸೇರಿಸಿದ್ದಕ್ಕೂ ಅದಕ್ಕೂ ಸಂಬಂಧವಿಲ್ಲ. ಯಾರೂ ಮುಂಚೆ ಕೇಳಿರದ ಹೆಸರಿಗೆ ಹಳೆಯ ಪ್ರತಿ ಎಲ್ಲೂ ಇರುವುದಿಲ್ಲವಾದ್ದರಿಂದ, ಸರಿಯಾಗಿ ಹಾಕಿದ ಹೊಸ ರೆಕಾರ್ಡ್ ಸಾಮಾನ್ಯವಾಗಿ ಒಂದೆರಡು ನಿಮಿಷದಲ್ಲೇ ಸಿಗಬೇಕು. ಸಿಗಲಿಲ್ಲವೆಂದರೆ ಏನೋ ತಪ್ಪಿದೆ.

ಮೊದಲು ಉತ್ತರವನ್ನು ಓದಿ

ಬ್ರೌಸರಿನ ಸಂದೇಶದಿಂದಲೇ ಅರ್ಧ ಕೆಲಸ ಆಗುತ್ತದೆ. ‘ಈ ಸೈಟ್‌ನ ಐಪಿ ವಿಳಾಸ ಸಿಗಲಿಲ್ಲ’ ಎಂದರೆ ಡಿಎನ್‌ಎಸ್ ದೋಷ. ‘ಸಂಪರ್ಕ ನಿರಾಕರಿಸಿತು’ ಅಥವಾ ‘ತುಂಬಾ ಹೊತ್ತು ತೆಗೆದುಕೊಂಡಿತು’ ಎಂದರೆ ವಿಳಾಸ ಸಿಕ್ಕಿದೆ, ಆ ವಿಳಾಸದಲ್ಲಿ ಸರ್ವರ್ ಮಾತಾಡುತ್ತಿಲ್ಲ. ಸುರಕ್ಷತೆಯ ಎಚ್ಚರಿಕೆ ಬಂದರೆ ಎಸ್‌ಎಸ್‌ಎಲ್ ಪ್ರಮಾಣಪತ್ರದ (ಸೈಟ್ ಅಸಲಿ ಎಂದು ಬ್ರೌಸರಿಗೆ ತೋರಿಸುವ ದಾಖಲೆ) ವಿಷಯ. ಬೇರೆ ಯಾರದೋ ಸೈಟೋ ಹೋಸ್ಟಿಂಗ್ ಕಂಪನಿಯ ಖಾಲಿ ಪುಟವೋ ಕಂಡರೆ ಮೊದಲು ಡಿಎನ್‌ಎಸ್ ಹೇಳುವ ಐಪಿಯನ್ನು ನಿಮ್ಮ ಸರ್ವರಿನ ಐಪಿಯೊಂದಿಗೆ ಹೋಲಿಸಿ ನೋಡಿ. ಸರಿಯಿದ್ದರೆ ವೆಬ್ ಸರ್ವರಿನ ಸೆಟ್ಟಿಂಗ್ ನೋಡಬೇಕು. ಐಪಿ ಸರಿಯಿದ್ದೂ ಕೊನೆಯ ಮೂರಕ್ಕೂ ಡಿಎನ್‌ಎಸ್ ಪ್ಯಾನೆಲ್‌ನಲ್ಲಿ ತಿದ್ದುತ್ತಾ ಕೂತರೆ ಸರಿಯಾಗಿದ್ದ ರೆಕಾರ್ಡೂ ಕೆಡುತ್ತದೆ.

ಡಿಎನ್‌ಎಸ್ ದೋಷವೇ ಆಗಿದ್ದರೆ ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ಹೀಗೆ ಕೇಳಿ:

ಎನ್‌ಎಸ್‌ಲುಕಪ್ ಆರ್ಡರ್.ನಮ್ಮಂಗಡಿ.ಇನ್. 8.8.8.8

ಹೆಸರಿನ ಕೊನೆಯ ಚುಕ್ಕಿಯನ್ನು ಬಿಡಬೇಡಿ. ಚುಕ್ಕಿ ಇಲ್ಲದಿದ್ದರೆ ಕಚೇರಿ ಅಥವಾ ಕಾಲೇಜಿನ ನೆಟ್‌ವರ್ಕಿನಲ್ಲಿ ಎನ್‌ಎಸ್‌ಲುಕಪ್ ಅಲ್ಲಿನ ಸ್ಥಳೀಯ ಡೊಮೇನ್ ಹೆಸರನ್ನು ತಾನೇ ಬಾಲಕ್ಕೆ ಅಂಟಿಸಿ ಕೇಳಿ, ದಾರಿ ತಪ್ಪಿಸುವ ಉತ್ತರ ಕೊಡಬಹುದು. ಲಿನಕ್ಸ್‌ನಲ್ಲಿ, ಅಥವಾ ಆಂಡ್ರಾಯ್ಡ್ ಫೋನಿನ ಟರ್ಮಕ್ಸ್‌ನಲ್ಲಿ, ‘ಡಿಗ್’ ಹಾಕಿಕೊಂಡರೆ ಇನ್ನೂ ವಿವರವಾಗಿ ಕಾಣುತ್ತದೆ. ಏನನ್ನೂ ಹಾಕಿಕೊಳ್ಳಲು ಆಗದಿದ್ದರೆ ಫೋನಿನ ಬ್ರೌಸರಿನಲ್ಲಿ ‘ಡಿಎನ್‌ಎಸ್.ಗೂಗಲ್’ ತೆರೆದು ಹೆಸರು ಹಾಕಿ. ಅಲ್ಲಿ ‘ಸ್ಟೇಟಸ್’ ಎದುರಿನ ಅಂಕಿಯನ್ನು ನೋಡಿ.

ಸ್ಟೇಟಸ್ 3, ಅಂದರೆ ಎನ್‌ಎಕ್ಸ್‌ಡೊಮೇನ್: ಆ ಹೆಸರೇ ಇಲ್ಲ ಎಂಬ ಖಚಿತ ಉತ್ತರ. ಹೆಸರು ತಪ್ಪಾಗಿದೆ, ಅಥವಾ ರೆಕಾರ್ಡನ್ನು ಬೇರೆ ಕಡೆ ಹಾಕಿದ್ದೀರಿ. ಸ್ಟೇಟಸ್ 0 ಇದ್ದು ಕೆಳಗೆ ಉತ್ತರ ಖಾಲಿ ಇದ್ದರೆ, ಹೆಸರು ಇದೆ ಆದರೆ ನೀವು ಕೇಳಿದ ಬಗೆಯ ರೆಕಾರ್ಡ್ ಇಲ್ಲ. ಈ ಎರಡರ ವ್ಯತ್ಯಾಸವನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಸ್ಟೇಟಸ್ 2, ಸರ್ವ್‌ಫೇಲ್: ರಿಸಾಲ್ವರ್ ಪ್ರಯತ್ನಿಸಿತು, ನಂಬುವಂಥ ಉತ್ತರ ಸಿಗಲಿಲ್ಲ. ಸ್ಟೇಟಸ್ 5, ರೆಫ್ಯೂಸ್ಡ್: ಕೇಳಿದ ಸರ್ವರ್ ಉತ್ತರಿಸಲು ನಿರಾಕರಿಸಿತು, ಸಾಮಾನ್ಯವಾಗಿ ಅದಕ್ಕೆ ಈ ಡೊಮೇನಿನ ಹೊಣೆ ಇಲ್ಲದ ಕಾರಣ. ಹೋಸ್ಟಿಂಗ್ ಖಾತೆ ಮುಗಿದು ಅಲ್ಲಿಂದ ಜೋನ್ (ಡೊಮೇನಿನ ರೆಕಾರ್ಡುಗಳ ಪಟ್ಟಿ) ಅಳಿಸಿಹೋಗಿದ್ದರೆ, ಆ ನೇಮ್‌ಸರ್ವರುಗಳನ್ನು ನೇರ ಕೇಳಿದಾಗ ಇದೇ ಉತ್ತರ ಬರುವುದುಂಟು.

ಮೂಲ ದಫ್ತರ ಯಾರ ಕೈಯಲ್ಲಿದೆ

ಎಲ್ಲಕ್ಕಿಂತ ಹೆಚ್ಚು ಸಲ ಕಾಣುವ ತಪ್ಪು ಇದು. ಡೊಮೇನ್ ಕೊಂಡದ್ದು ಒಂದು ಕಡೆ, ಹೋಸ್ಟಿಂಗ್ ಇನ್ನೊಂದು ಕಡೆ, ನಡುವೆ ಯಾರೋ ಕ್ಲೌಡ್‌ಫ್ಲೇರ್‌ನ ಡಿಎನ್‌ಎಸ್ ಸೇವೆಯನ್ನೂ ಹಾಕಿದ್ದಾರೆ. ಮೂರು ಕಡೆಯೂ ‘ಡಿಎನ್‌ಎಸ್ ರೆಕಾರ್ಡ್ಸ್’ ಎಂಬ ಪುಟವಿದೆ, ಮೂರೂ ಕಡೆ ರೆಕಾರ್ಡ್ ಸೇರಿಸಲು ಬಿಡುತ್ತವೆ, ಮೂರೂ ಕಡೆ ಹಸಿರು ಬಣ್ಣದಲ್ಲಿ ‘ಯಶಸ್ವಿ’ ಎಂದು ಬರುತ್ತದೆ. ಲೋಕ ಓದುವುದು ಅವುಗಳಲ್ಲಿ ಒಂದನ್ನು ಮಾತ್ರ. ಯಾವುದನ್ನು ಎಂದು ತಿಳಿಯಲು:

ಎನ್‌ಎಸ್‌ಲುಕಪ್ -ಟೈಪ್=ಎನ್‌ಎಸ್ ನಮ್ಮಂಗಡಿ.ಇನ್. 8.8.8.8

ಬಂದ ಹೆಸರುಗಳು ಯಾವ ಕಂಪನಿಯವೋ ಆ ಕಂಪನಿಯ ಪ್ಯಾನೆಲ್‌ನಲ್ಲೇ ರೆಕಾರ್ಡ್ ಇರಬೇಕು. ಹೋಸ್ಟಿಂಗ್‌ನವರು ಕೊಡುವ ಸಿಪ್ಯಾನೆಲ್ ಎಂಬ ಪ್ಯಾನೆಲ್‌ನಲ್ಲಿ ‘ಸಬ್‌ಡೊಮೇನ್’ ಸೃಷ್ಟಿಸಿದಾಗ ಅದು ಫೋಲ್ಡರ್ ಮಾಡಿ, ತನ್ನದೇ ಜೋನ್‌ನಲ್ಲಿ ಎ ರೆಕಾರ್ಡನ್ನೂ (ಐಪಿ ವಿಳಾಸ ಹೇಳುವ ನಮೂದು) ಸೇರಿಸುತ್ತದೆ. ನೇಮ್‌ಸರ್ವರ್ ಬೇರೆ ಕಡೆ ಇದ್ದರೆ ಆ ರೆಕಾರ್ಡನ್ನು ಯಾರೂ ಕೇಳುವುದಿಲ್ಲ. ಸಿಪ್ಯಾನೆಲ್‌ನಲ್ಲಿ ಕಂಡ ಐಪಿ ವಿಳಾಸವನ್ನು ಬರೆದುಕೊಂಡು, ನಿಜವಾದ ನೇಮ್‌ಸರ್ವರ್ ಇರುವ ಕಡೆ ಕೈಯಾರೆ ಸೇರಿಸಬೇಕು.

ಆಮೇಲೆ ಆ ನೇಮ್‌ಸರ್ವರನ್ನೇ ನೇರವಾಗಿ ಕೇಳಿ, ನಡುವಿನ ರಿಸಾಲ್ವರ್ ಬೇಡ:

ಡಿಗ್ @ಎನ್‌ಎಸ್1.ಹೋಸ್ಟಿಂಗ್‌ನವರು.ಕಾಮ್ ಆರ್ಡರ್.ನಮ್ಮಂಗಡಿ.ಇನ್ ಎ

ಉತ್ತರದ ‘ಫ್ಲ್ಯಾಗ್ಸ್’ ಸಾಲಿನಲ್ಲಿ ‘ಎಎ’ ಇರಬೇಕು. ಮೂಲ ದಫ್ತರದ ಮೊಹರು ಅದು. ನೇಮ್‌ಸರ್ವರನ್ನೇ ಕೇಳಿದರೂ ‘ಎಎ’ ಇಲ್ಲದಿದ್ದರೆ, ನಡುವೆ ಯಾವುದೋ ನೆಟ್‌ವರ್ಕ್ 53ನೇ ಪೋರ್ಟಿನ ಪ್ರಶ್ನೆಯನ್ನು ಹಿಡಿದು ತನ್ನ ಕ್ಯಾಶೆಯಿಂದ ಉತ್ತರ ಕೊಡುತ್ತಿರುವ ಸಾಧ್ಯತೆ ಇದೆ. ಬೇರೆ ಸಂಪರ್ಕದಿಂದ, ಉದಾಹರಣೆಗೆ ಫೋನಿನ ಹಾಟ್‌ಸ್ಪಾಟ್‌ನಿಂದ, ಮತ್ತೆ ಕೇಳಿ.

ಪಟ್ಟಿಯಲ್ಲಿರುವ ಪ್ರತಿಯೊಂದು ನೇಮ್‌ಸರ್ವರನ್ನೂ ಹೀಗೆ ಕೇಳಬೇಕು. ‘ಒಂದು ಸಲ ತೆರೆಯುತ್ತದೆ, ಇನ್ನೊಂದು ಸಲ ಇಲ್ಲ’ ಎಂಬ ದೂರಿಗೆ ಕಾರಣ ಇಲ್ಲೇ ಸಿಗುವುದುಂಟು. ಕೆಲವರು ಭದ್ರವಾಗಿರಲಿ ಎಂದು ಹೋಸ್ಟಿಂಗ್‌ನ ಎರಡು ನೇಮ್‌ಸರ್ವರ್, ಕ್ಲೌಡ್‌ಫ್ಲೇರ್‌ನ ಎರಡು, ನಾಲ್ಕನ್ನೂ ರಿಜಿಸ್ಟ್ರಾರ್ (ಡೊಮೇನ್ ಮಾರಿದ ಕಂಪನಿ) ಬಳಿ ಬರೆಸಿರುತ್ತಾರೆ. ರಿಸಾಲ್ವರ್ ನಾಲ್ಕರಲ್ಲಿ ಯಾವುದನ್ನು ಬೇಕಾದರೂ ಕೇಳಬಹುದು. ಎರಡು ಕಡೆಯ ದಾಖಲೆ ಬೇರೆ ಬೇರೆ ಇರುವುದರಿಂದ ಉತ್ತರವೂ ಬೇರೆ. ಒಂದು ಕಂಪನಿಯ ಜೋಡಿಯನ್ನು ಮಾತ್ರ ಉಳಿಸಿ. ಎಲ್ಲವೂ ಒಂದೇ ಕಂಪನಿಯವಾಗಿದ್ದೂ ಉತ್ತರ ಬೇರೆಯಿದ್ದರೆ ಜೋನ್‌ನ ತಲೆಬರಹದಂತಿರುವ ಎಸ್‌ಒಎ ರೆಕಾರ್ಡಿನ ಸೀರಿಯಲ್ ಸಂಖ್ಯೆ ಹೋಲಿಸಿ. ಒಂದರಲ್ಲಿ ಸಂಖ್ಯೆ ಹಿಂದೆ ಉಳಿದು, ಹಾಗೇ ನಿಂತಿದ್ದರೆ ಆ ಸರ್ವರಿಗೆ ಹೊಸ ಪ್ರತಿ ತಲುಪಿಲ್ಲ. ಅದು ಹೋಸ್ಟಿಂಗ್‌ನವರು ಸರಿಮಾಡಬೇಕಾದದ್ದು.

ಹೆಸರಿನ ಖಾನೆಯಲ್ಲಿ ಆಗುವ ತಪ್ಪುಗಳು

ಬಹಳಷ್ಟು ಪ್ಯಾನೆಲ್‌ಗಳು ‘ಹೋಸ್ಟ್’ ಖಾನೆಯಲ್ಲಿ ಬರೆದುದಕ್ಕೆ ಡೊಮೇನನ್ನು ತಾವೇ ಸೇರಿಸಿಕೊಳ್ಳುತ್ತವೆ. ಅಲ್ಲಿ ‘ಆರ್ಡರ್’ ಎಂದಷ್ಟೇ ಬರೆಯಬೇಕು. ಪೂರ್ತಿ ಹೆಸರು ಬರೆದರೆ ರೆಕಾರ್ಡ್ ‘ಆರ್ಡರ್.ನಮ್ಮಂಗಡಿ.ಇನ್.ನಮ್ಮಂಗಡಿ.ಇನ್’ ಆಗಿ ಕೂರುತ್ತದೆ. ಅನುಮಾನವಿದ್ದರೆ ಆ ಜೋಡಿ ಹೆಸರನ್ನೇ ಎನ್‌ಎಸ್‌ಲುಕಪ್‌ನಲ್ಲಿ ಕೇಳಿ ನೋಡಿ. ಉತ್ತರ ಬಂತೆಂದರೆ ಕಳ್ಳ ಸಿಕ್ಕಿದ. ಜೋನ್ ಫೈಲನ್ನು ನೇರವಾಗಿ ತಿದ್ದುವವರಿಗೆ ಇದೇ ತಪ್ಪು ಬಲಗಡೆಯಲ್ಲೂ ಆಗುತ್ತದೆ: ಸಿನೇಮ್ (ಇನ್ನೊಂದು ಹೆಸರಿನ ಕಡೆ ಕೈ ತೋರಿಸುವ ರೆಕಾರ್ಡ್) ತೋರಿಸುವ ಹೆಸರಿನ ಕೊನೆಗೆ ಚುಕ್ಕಿ ಇಡದಿದ್ದರೆ ಅದಕ್ಕೂ ನಿಮ್ಮ ಡೊಮೇನ್ ಅಂಟಿಕೊಳ್ಳುತ್ತದೆ.

ಮೌಲ್ಯದ ಖಾನೆಯಲ್ಲಿ ‘ಎಚ್‌ಟಿಟಿಪಿಎಸ್’ ಬೇಡ, ಕೊನೆಯ ಓರೆಗೆರೆ ಬೇಡ, ಪೋರ್ಟ್ ಸಂಖ್ಯೆಯೂ ಬೇಡ. ‘203.0.113.10:8080’ ಎಂದು ಎ ರೆಕಾರ್ಡ್ ಹಾಕಲು ಬರುವುದಿಲ್ಲ. ಎ ರೆಕಾರ್ಡ್ ಹೇಳುವುದು ವಿಳಾಸ ಮಾತ್ರ, ಯಾವ ಬಾಗಿಲು ತಟ್ಟಬೇಕು ಎಂಬುದು ಅದರಲ್ಲಿಲ್ಲ. 8080ರಲ್ಲಿ ಓಡುವ ಸಾಫ್ಟ್‌ವೇರನ್ನು ಸಬ್‌ಡೊಮೇನಿನಲ್ಲಿ ತೋರಿಸಲು ಎಂಜಿನ್‌ಎಕ್ಸ್‌ನಂಥ ರಿವರ್ಸ್ ಪ್ರಾಕ್ಸಿ ಮುಂದಿಟ್ಟು ಒಳಗೆ ಕಳಿಸಬೇಕು. ಸಬ್‌ಡೊಮೇನಿನ ಹೆಸರಿನಲ್ಲಿ ಅಕ್ಷರ, ಅಂಕಿ, ನಡುವೆ ಹೈಫನ್ ಇರಲಿ. ಅಂಡರ್‌ಸ್ಕೋರ್ ಟಿಎಕ್ಸ್‌ಟಿ (ಬರೀ ಪಠ್ಯ ಇಡುವ) ರೆಕಾರ್ಡುಗಳ ಹೆಸರಿಗೆ ಸರಿ, ವೆಬ್‌ಸೈಟಿನ ಹೆಸರಿಗೆ ಸಲ್ಲದು. ಅಂಥ ಹೆಸರಿಗೆ ಎಸ್‌ಎಸ್‌ಎಲ್ ಪ್ರಮಾಣಪತ್ರ ಸಿಗುವುದಿಲ್ಲ. ಚುಕ್ಕಿಗಳ ನಡುವಿನ ಒಂದು ತುಂಡು 63 ಅಕ್ಷರ ಮೀರಬಾರದು.

ಸಿನೇಮ್ ತರುವ ತೊಡಕು

ಎ ರೆಕಾರ್ಡ್ ಐಪಿ ವಿಳಾಸ ಕೊಡುತ್ತದೆ. ಸಿನೇಮ್ ‘ಈ ಹೆಸರಿನ ಬಗ್ಗೆ ಏನೇ ಕೇಳುವುದಿದ್ದರೂ ಆ ಹೆಸರನ್ನು ಕೇಳಿ’ ಎನ್ನುತ್ತದೆ. ಏನೇ ಎಂದರೆ ಎಲ್ಲವೂ. ಆದ್ದರಿಂದಲೇ ಒಂದು ಹೆಸರಿಗೆ ಸಿನೇಮ್ ಇದ್ದರೆ ಅದೇ ಹೆಸರಿಗೆ ಎ, ಎಂಎಕ್ಸ್ (ಮೇಲ್ ಯಾವ ಸರ್ವರಿಗೆ ಹೋಗಬೇಕೆಂದು ಹೇಳುವುದು), ಟಿಎಕ್ಸ್‌ಟಿ ಯಾವುದೂ ಇರಕೂಡದು. 1987ರ ಮೂಲ ನಿಯಮದಲ್ಲೇ ಇದು ಇದೆ. ಬರೀ ‘ನಮ್ಮಂಗಡಿ.ಇನ್’ಗೆ ಸಿನೇಮ್ ಹಾಕಲು ಬಾರದ್ದೂ ಇದೇ ಕಾರಣಕ್ಕೆ, ಅಲ್ಲಿ ಎಸ್‌ಒಎ ಮತ್ತು ಎನ್‌ಎಸ್ ಇರಲೇಬೇಕು.

ಪ್ಯಾನೆಲ್ ‘ರೆಕಾರ್ಡ್ ಈಗಾಗಲೇ ಇದೆ’ ಎಂದು ಸಿನೇಮ್ ತೆಗೆದುಕೊಳ್ಳದಿದ್ದರೆ ಹಳೆಯ ಎ ರೆಕಾರ್ಡನ್ನು ಅಳಿಸಿ, ಆಮೇಲೆ ಸೇರಿಸಿ. ಸಿನೇಮ್ ಇರುವ ಸಬ್‌ಡೊಮೇನಿನಿಂದಲೇ ಮೇಲ್ ಬರಬೇಕು, ಹೋಗಬೇಕು ಎಂದಿದ್ದರೆ ಸಿನೇಮ್ ಬಿಟ್ಟು ಎ ರೆಕಾರ್ಡಿಗೆ ಬನ್ನಿ, ಆಗ ಎಂಎಕ್ಸ್ ಮತ್ತು ಎಸ್‌ಪಿಎಫ್‌ನ (ಈ ಹೆಸರಿನಲ್ಲಿ ಮೇಲ್ ಕಳಿಸಲು ಯಾವ ಸರ್ವರಿಗೆ ಅನುಮತಿ ಎಂದು ಹೇಳುವ) ಟಿಎಕ್ಸ್‌ಟಿ ಪಕ್ಕದಲ್ಲಿ ಕೂರಬಹುದು. ಮುಖ್ಯ ಡೊಮೇನಿನ ಎಸ್‌ಪಿಎಫ್ ಸಬ್‌ಡೊಮೇನಿಗೆ ತಾನಾಗಿ ಇಳಿದು ಬರುವುದಿಲ್ಲ ಎಂಬುದನ್ನೂ ಗಮನದಲ್ಲಿಡಿ.

ಸಿನೇಮ್‌ನ ಎದುರು ಐಪಿ ವಿಳಾಸ ಬರೆಯುವವರಿದ್ದಾರೆ. ಕೆಲವು ಪ್ಯಾನೆಲ್‌ಗಳು ಅದನ್ನು ತಡೆಯುವುದೂ ಇಲ್ಲ. ಡಿಎನ್‌ಎಸ್ ಆಗ ‘203.0.113.10’ ಎಂಬ ಹೆಸರಿನ ಡೊಮೇನನ್ನು ಹುಡುಕಿ, ಎನ್‌ಎಕ್ಸ್‌ಡೊಮೇನ್ ಎಂದು ಹೇಳುತ್ತದೆ. ಇಲ್ಲೊಂದು ಸೂಕ್ಷ್ಮವಿದೆ. ಸಿನೇಮ್ ಸರಪಳಿಯಲ್ಲಿ ಸ್ಟೇಟಸ್ ಹೇಳುವುದು ಕೊನೆಯ ಕೊಂಡಿಯ ಸ್ಥಿತಿಯನ್ನು. ನಿಮ್ಮ ರೆಕಾರ್ಡ್ ಸರಿಯಾಗಿ ಕೂತಿದ್ದು, ಅದು ತೋರಿಸುವ ಹೆಸರು ಇಲ್ಲವಾದರೂ ಬರುವುದು ಎನ್‌ಎಕ್ಸ್‌ಡೊಮೇನೇ. ಉತ್ತರದ ಭಾಗದಲ್ಲಿ ಸಿನೇಮ್ ಸಾಲು ಕಾಣುತ್ತಿದ್ದೂ ಸ್ಟೇಟಸ್ 3 ಇದ್ದರೆ ನಿಮ್ಮ ಸಬ್‌ಡೊಮೇನಿನ ಹೆಸರಿನಲ್ಲಿ ತಪ್ಪಿಲ್ಲ, ಗುರಿಯ ಹೆಸರಿನಲ್ಲಿ ಅಕ್ಷರ ತಪ್ಪಿದೆ ಅಥವಾ ಆ ಸೇವೆಯಲ್ಲಿ ನಿಮ್ಮ ಖಾತೆ ಮುಗಿದಿದೆ.

ನಕ್ಷತ್ರದ ರೆಕಾರ್ಡ್ ಇದ್ದೂ ಒಂದು ಹೆಸರು ಮಾತ್ರ ಸತ್ತಾಗ

‘*.ನಮ್ಮಂಗಡಿ.ಇನ್’ ಎಂದು ವೈಲ್ಡ್‌ಕಾರ್ಡ್ ಹಾಕಿದರೆ ಎಲ್ಲ ಸಬ್‌ಡೊಮೇನೂ ತೆರೆಯುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಪೂರ್ತಿ ನಿಜವಲ್ಲ, ಅನುಭವಸ್ಥರೂ ಇಲ್ಲಿ ದಿನಗಟ್ಟಲೆ ಕಳೆಯುತ್ತಾರೆ. ಜೋನ್‌ನಲ್ಲಿ ಇಲ್ಲದ ಹೆಸರಿಗೆ ಮಾತ್ರ ನಕ್ಷತ್ರ ಉತ್ತರಿಸುತ್ತದೆ. ಯಾವುದೇ ಬಗೆಯ ರೆಕಾರ್ಡಿನಿಂದ ಒಂದು ಹೆಸರು ಅಸ್ತಿತ್ವಕ್ಕೆ ಬಂದರೆ ಸಾಕು, ಅದರ ಮಟ್ಟಿಗೆ ನಕ್ಷತ್ರ ಸುಮ್ಮನಾಗುತ್ತದೆ.

ಇದರಿಂದ ಆಗುವ ವಿಚಿತ್ರ ಹೀಗೆ: ಆರ್ಡರ್ ಸಬ್‌ಡೊಮೇನ್ ನಕ್ಷತ್ರದ ಆಸರೆಯಲ್ಲಿ ಚೆನ್ನಾಗಿ ಓಡುತ್ತಿರುತ್ತದೆ. ಪ್ರಮಾಣಪತ್ರಕ್ಕೆಂದು ‘_ಆಕ್ಮೆ-ಚಾಲೆಂಜ್.ಆರ್ಡರ್’ ಎಂಬ ಟಿಎಕ್ಸ್‌ಟಿ ಸೇರಿಸುತ್ತೀರಿ. ಅಷ್ಟರಲ್ಲೇ ಸೈಟ್ ಮಾಯ. ‘ಆರ್ಡರ್’ನ ಕೆಳಗೆ ಒಂದು ಮಗು ಹುಟ್ಟಿದ್ದರಿಂದ ‘ಆರ್ಡರ್’ ಎಂಬ ತಾಯಿಯೂ ಇದ್ದಾಳೆಂದು ಡಿಎನ್‌ಎಸ್ ಲೆಕ್ಕ ಹಾಕುತ್ತದೆ. ಅವಳ ಬಳಿ ಎ ರೆಕಾರ್ಡ್ ಇಲ್ಲ, ನಕ್ಷತ್ರವೂ ಈಗ ಅನ್ವಯಿಸದು. ಉತ್ತರ: ಸ್ಟೇಟಸ್ 0, ಕೆಳಗೆ ಖಾಲಿ. ನೆನಪಿಡಿ ಎಂದದ್ದು ಈ ಕಾರಣಕ್ಕೇ. ನಕ್ಷತ್ರವಿರುವ ಜೋನ್‌ನಲ್ಲಿ ಖಾಲಿ ಉತ್ತರ ಬಂದರೆ ಆ ಹೆಸರಿನ ಮೇಲೋ ಅದರ ಕೆಳಗೋ ಬೇರೆ ರೆಕಾರ್ಡ್ ಇದೆಯೇ ನೋಡಿ. ಮದ್ದು ಸುಲಭ: ‘ಆರ್ಡರ್’ಗೆ ತನ್ನದೇ ಎ ರೆಕಾರ್ಡ್ ಕೊಡಿ. ಮುಖ್ಯವಾದ ಯಾವ ಸಬ್‌ಡೊಮೇನನ್ನೂ ನಕ್ಷತ್ರದ ನೆಚ್ಚಿಗೆಯಲ್ಲಿ ಬಿಡದಿರುವುದು ಕ್ಷೇಮ.

ಫೋನಿನಲ್ಲಿ ಹಳೆಯ ಸೈಟ್, ಕಚೇರಿಯಲ್ಲಿ ಹೊಸದು

ಸರ್ವರ್ ಬದಲಿಸಿದ ಮೇಲೆ ಎ ರೆಕಾರ್ಡನ್ನು ಹೊಸ ಐಪಿಗೆ ತಿದ್ದಿದ್ದೀರಿ. ಕಚೇರಿಯ ಕಂಪ್ಯೂಟರಿನಲ್ಲಿ ಸರಿ, ಗಿರಾಕಿಗಳ ಜಿಯೊ ಫೋನಿನಲ್ಲಿ ಮಾತ್ರ ಹಳೆಯ ಸೈಟ್, ಅಥವಾ ಏನೂ ಇಲ್ಲ. ‘ಜಿಯೊದ ಕ್ಯಾಶೆ’ ಎಂದು ಬಯ್ಯುವ ಮುನ್ನ ಎಎಎಎ ರೆಕಾರ್ಡ್ ನೋಡಿ:

ಎನ್‌ಎಸ್‌ಲುಕಪ್ -ಟೈಪ್=ಎಎಎಎ ಆರ್ಡರ್.ನಮ್ಮಂಗಡಿ.ಇನ್. 8.8.8.8

ನಾಲ್ಕು ಎ ಇರುವ ಈ ರೆಕಾರ್ಡ್ ಐಪಿವಿ6 ವಿಳಾಸ ಹೇಳುತ್ತದೆ. ಹಳೆಯ ಹೋಸ್ಟಿಂಗ್‌ನವರು ತಾವಾಗಿ ಹಾಕಿದ್ದ ಎಎಎಎ ಹಾಗೇ ಉಳಿದಿದ್ದರೆ, ಜಿಯೊದಂತೆ ಐಪಿವಿ6 ಬಳಸುವ ಮೊಬೈಲ್ ಜಾಲದ ಫೋನುಗಳು ಮೊದಲು ಅಲ್ಲಿಗೇ ಹೋಗುತ್ತವೆ. ಐಪಿವಿ4 ಮಾತ್ರ ಇರುವ ಬ್ರಾಡ್‌ಬ್ಯಾಂಡ್‌ಗೆ ಆ ರೆಕಾರ್ಡಿನ ಗೊಡವೆಯೇ ಇಲ್ಲ. ಹೊಸ ಸರ್ವರಿಗೆ ಐಪಿವಿ6 ಇದ್ದರೆ ತಿದ್ದಿ, ಇಲ್ಲದಿದ್ದರೆ ಅಳಿಸಿ. ಒಂದೇ ಹೆಸರಿಗೆ ಹಳೆಯ ಎ, ಹೊಸ ಎ ಎರಡೂ ಉಳಿದಿದ್ದರೂ ಹೀಗೇ ಅರ್ಧ ಜನಕ್ಕೆ ಹಳೆಯ ಸೈಟ್ ಕಾಣುತ್ತದೆ.

ಕ್ಯಾಶೆಯ ಲೆಕ್ಕ

ಇಷ್ಟೂ ಸರಿಯಿದ್ದು, ಮೂಲ ನೇಮ್‌ಸರ್ವರ್ ಸರಿಯಾದ ಉತ್ತರ ಕೊಡುತ್ತಿದ್ದು, 8.8.8.8 ಮಾತ್ರ ಹಳೆಯದನ್ನು ಹೇಳುತ್ತಿದ್ದರೆ ಆಗ ನಿಜವಾಗಿ ಕಾಯಬೇಕಾದ್ದು. ಎಷ್ಟು ಹೊತ್ತು ಎಂದು ಡಿಗ್ ಹೇಳುತ್ತದೆ: ರಿಸಾಲ್ವರನ್ನು ಕೇಳಿದಾಗ ಹೆಸರಿನ ಪಕ್ಕದಲ್ಲಿ ಬರುವ ಅಂಕಿ ಉಳಿದ ಸೆಕೆಂಡು. ಮತ್ತೆ ಕೇಳಿದರೆ ಅದು ಇಳಿಯುತ್ತಾ ಬರುತ್ತದೆ. ಸಿಪ್ಯಾನೆಲ್‌ನಲ್ಲಿ ಸಾಮಾನ್ಯವಾಗಿ ಇರುವ ಟಿಟಿಎಲ್ 14400, ಅಂದರೆ ನಾಲ್ಕು ಗಂಟೆ. ಬೆಳಿಗ್ಗೆ 10ಕ್ಕೆ ಯಾರೋ ಸೈಟ್ ನೋಡಿದ್ದು, ನೀವು 10.05ಕ್ಕೆ ಐಪಿ ಬದಲಿಸಿದರೆ ಆ ರಿಸಾಲ್ವರಿನಲ್ಲಿ ಮಧ್ಯಾಹ್ನ 2ರವರೆಗೆ ಹಳೆಯದೇ. ಬದಲಾವಣೆ ಗೊತ್ತಿದ್ದರೆ ಹಿಂದಿನ ದಿನವೇ ಟಿಟಿಎಲ್ ಅನ್ನು 300ಕ್ಕೆ ಇಳಿಸಿ, ಹಳೆಯ ಟಿಟಿಎಲ್ ಅವಧಿ ಪೂರ್ತಿ ಕಳೆಯಲು ಬಿಟ್ಟು, ಆಮೇಲೆ ಐಪಿ ಬದಲಿಸಿ. ಎಲ್ಲ ಸರಿಹೋದ ಮೇಲೆ ಮತ್ತೆ ಏರಿಸಿ. ಟಿಟಿಎಲ್ ಇಳಿಸುವುದು, ಐಪಿ ಬದಲಿಸುವುದು ಒಟ್ಟಿಗೇ ಮಾಡಿದರೆ ಇಳಿಸಿದ್ದರಿಂದ ಆ ಸಲಕ್ಕೆ ಪ್ರಯೋಜನವಿಲ್ಲ.

‘ಇಲ್ಲ’ ಎಂಬ ಉತ್ತರವೂ ಕ್ಯಾಶೆಯಾಗುತ್ತದೆ. ಉತ್ಸಾಹದಲ್ಲಿ ರೆಕಾರ್ಡ್ ಹಾಕುವ ಮೊದಲೇ ಸಬ್‌ಡೊಮೇನನ್ನು ಬ್ರೌಸರಿನಲ್ಲಿ ತೆರೆದು ನೋಡಿದವರಿಗೆ ಇದು ಕಾಡುತ್ತದೆ. ರಿಸಾಲ್ವರ್ ‘ಇಲ್ಲ’ ಎಂಬುದನ್ನು ಬರೆದಿಟ್ಟುಕೊಂಡಿತು, ಐದು ನಿಮಿಷದ ನಂತರ ನೀವು ರೆಕಾರ್ಡ್ ಹಾಕಿದರೂ ಅದೇ ಉತ್ತರ ಕೊಡುತ್ತಿರುತ್ತದೆ. ಈ ಅವಧಿ ಎಸ್‌ಒಎ ರೆಕಾರ್ಡಿನ ಟಿಟಿಎಲ್ ಮತ್ತು ಅದರ ಕೊನೆಯ ಅಂಕಿ, ಎರಡರಲ್ಲಿ ಯಾವುದು ಕಡಿಮೆಯೋ ಅದು. ಕೆಲವು ಜೋನ್‌ಗಳಲ್ಲಿ ಆ ಕೊನೆಯ ಅಂಕಿ 86400, ಒಂದು ಪೂರ್ತಿ ದಿನ. ಬೈಂಡ್‌ನಂಥ ರಿಸಾಲ್ವರ್ ತಂತ್ರಾಂಶ ಸಹಜ ಸೆಟ್ಟಿಂಗ್‌ನಲ್ಲಿ 10800 ಸೆಕೆಂಡು, ಅಂದರೆ ಮೂರು ಗಂಟೆ ಮೀರಿ ‘ಇಲ್ಲ’ವನ್ನು ಇಟ್ಟುಕೊಳ್ಳುವುದಿಲ್ಲ. ಮೊದಲು ರೆಕಾರ್ಡ್ ಹಾಕಿ, ನೇಮ್‌ಸರ್ವರನ್ನೇ ನೇರ ಕೇಳಿ ಖಾತ್ರಿ ಮಾಡಿಕೊಂಡು, ಆಮೇಲಷ್ಟೇ ಬ್ರೌಸರ್ ಮುಟ್ಟುವ ರೂಢಿ ಇಟ್ಟುಕೊಂಡರೆ ಈ ಕಾಟವೇ ಇರುವುದಿಲ್ಲ. ತುರ್ತಾಗಿದ್ದರೆ ಗೂಗಲ್ ಮತ್ತು ಕ್ಲೌಡ್‌ಫ್ಲೇರ್ ತಮ್ಮ ರಿಸಾಲ್ವರುಗಳಲ್ಲಿ ಒಂದು ಹೆಸರಿನ ಕ್ಯಾಶೆ ಅಳಿಸಲು ಸಾರ್ವಜನಿಕರಿಗೇ ಪುಟ ಇಟ್ಟಿವೆ, ಅಲ್ಲಿ ಎ, ಎಎಎಎ ಎರಡನ್ನೂ ಅಳಿಸಿ.

ಎನ್‌ಎಸ್‌ಲುಕಪ್ ಹೊಸ ಐಪಿ ಹೇಳಿ, ಅದೇ ಕಂಪ್ಯೂಟರಿನಲ್ಲಿ ‘ಪಿಂಗ್’ ಹಳೆಯದನ್ನು ಹೇಳಿದರೆ ದೋಷ ಆ ಕಂಪ್ಯೂಟರಿನ ಒಳಗಿದೆ. ಎನ್‌ಎಸ್‌ಲುಕಪ್ ಸರ್ವರನ್ನು ನೇರ ಕೇಳುತ್ತದೆ, ಪಿಂಗ್ ವಿಂಡೋಸ್‌ನ ಕ್ಯಾಶೆ ಮತ್ತು ಹೋಸ್ಟ್ಸ್ ಫೈಲ್ (ಹೆಸರು-ವಿಳಾಸಗಳನ್ನು ಕಂಪ್ಯೂಟರಿನಲ್ಲೇ ಬರೆದಿಡುವ ಕಡತ) ನೋಡಿಕೊಂಡು ಹೋಗುತ್ತದೆ. ‘ಐಪಿಕಾನ್ಫಿಗ್ /ಫ್ಲಶ್‌ಡಿಎನ್‌ಎಸ್’ ಓಡಿಸಿ, ಸರಿಹೋಗದಿದ್ದರೆ ಹೋಸ್ಟ್ಸ್ ಫೈಲ್ ತೆರೆಯಿರಿ. ಸೈಟ್ ಕಟ್ಟುವಾಗ ಪರೀಕ್ಷೆಗೆಂದು ಹಾಕಿದ ಸಾಲು ಅಲ್ಲೇ ಉಳಿದಿರುವುದು ಅಪರೂಪವಲ್ಲ. ಕ್ರೋಮ್‌ನ ‘ಸೆಕ್ಯೂರ್ ಡಿಎನ್‌ಎಸ್’, ಆಂಡ್ರಾಯ್ಡ್‌ನ ‘ಪ್ರೈವೇಟ್ ಡಿಎನ್‌ಎಸ್’ ಚಾಲೂ ಇದ್ದರೆ ಅವು ಬೇರೆಯದೇ ರಿಸಾಲ್ವರನ್ನು ಕೇಳುತ್ತಿರಬಹುದು ಎಂಬುದೂ ಲೆಕ್ಕದಲ್ಲಿರಲಿ.

ಸರ್ವ್‌ಫೇಲ್

ನೇಮ್‌ಸರ್ವರ್ ಬದಲಿಸಿದ ಬೆನ್ನಿಗೇ ಇಡೀ ಡೊಮೇನ್ ಸರ್ವ್‌ಫೇಲ್ ಆದರೆ ಡಿಎನ್‌ಎಸ್‌ಸೆಕ್, ಅಂದರೆ ಡಿಎನ್‌ಎಸ್ ಉತ್ತರಕ್ಕೆ ಸಹಿ ಹಾಕುವ ವ್ಯವಸ್ಥೆ, ನೋಡಿ. ಹಳೆಯ ಕಡೆ ಅದು ಚಾಲೂ ಇದ್ದಾಗ ರಿಜಿಸ್ಟ್ರಾರ್ ಬಳಿ ಆ ಸಹಿಯ ಕೀಲಿಯ ಗುರುತಾದ ಡಿಎಸ್ ರೆಕಾರ್ಡ್ ಕೂತಿರುತ್ತದೆ. ಹೊಸ ನೇಮ್‌ಸರ್ವರಿನಲ್ಲಿ ಅದಕ್ಕೆ ಹೊಂದುವ ಕೀಲಿ ಇಲ್ಲ, ಸಹಿ ಹೊಂದದ ಪತ್ರವನ್ನು ರಿಸಾಲ್ವರ್ ನಂಬುವುದಿಲ್ಲ. ‘ಡಿಗ್ +ಸಿಡಿ’ ಎಂದು ಕೇಳಿದರೆ ರಿಸಾಲ್ವರ್ ಸಹಿ ಪರೀಕ್ಷೆ ಬಿಟ್ಟು ಉತ್ತರಿಸುತ್ತದೆ. ಆಗ ಉತ್ತರ ಬಂದು, ಹಾಗೇ ಕೇಳಿದಾಗ ಸರ್ವ್‌ಫೇಲ್ ಬಂದರೆ ಇದೇ ರೋಗ. ರಿಜಿಸ್ಟ್ರಾರ್ ಪ್ಯಾನೆಲ್‌ನಲ್ಲಿ ಹಳೆಯ ಡಿಎಸ್ ತೆಗೆಸಿ. ಸರಿಯಾದ ಕ್ರಮವೆಂದರೆ ಡಿಎಸ್ ತೆಗೆದು, ಅದರ ಟಿಟಿಎಲ್ ಕಳೆಯಲು ಬಿಟ್ಟು, ನಂತರ ನೇಮ್‌ಸರ್ವರ್ ಬದಲಿಸುವುದು.

ಡಿಎನ್‌ಎಸ್ ಸರಿ, ಸೈಟ್ ಮಾತ್ರ ಸರಿಯಿಲ್ಲ

ಒಂದೇ ಐಪಿಯಲ್ಲಿ ನೂರಾರು ಸೈಟುಗಳಿರುತ್ತವೆ. ಬ್ರೌಸರ್ ಕಳಿಸುವ ಹೆಸರು ನೋಡಿ ಸರ್ವರ್ ಯಾವ ಫೋಲ್ಡರ್ ತೋರಿಸಬೇಕೆಂದು ತೀರ್ಮಾನಿಸುತ್ತದೆ. ಎಂಜಿನ್‌ಎಕ್ಸ್‌ನ ‘ಸರ್ವರ್_ನೇಮ್’, ಅಪಾಚೆಯ ‘ಸರ್ವರ್‌ನೇಮ್’ ಅಥವಾ ‘ಸರ್ವರ್‌ಅಲಿಯಾಸ್’ನಲ್ಲಿ ನಿಮ್ಮ ಸಬ್‌ಡೊಮೇನ್ ಇಲ್ಲದಿದ್ದರೆ ಮೊದಲ ಸೈಟೋ ಖಾಲಿ ಪುಟವೋ ಕಾಣುತ್ತದೆ. ಹೊರಗಿನ ಸೇವೆಗೆ ಸಿನೇಮ್ ಹಾಕಿದ್ದರೆ ಆ ಸೇವೆಯ ಸೆಟ್ಟಿಂಗ್‌ನಲ್ಲೂ ‘ಕಸ್ಟಮ್ ಡೊಮೇನ್’ ಎಂದು ಸೇರಿಸಬೇಕು. ಗಿಟ್‌ಹಬ್ ಪೇಜಸ್‌ನಲ್ಲಿ 404 ಬರುವುದು ಬಹಳ ಸಲ ಇದು ಮರೆತದ್ದಕ್ಕೇ.

ಪ್ರಮಾಣಪತ್ರದ ನಕ್ಷತ್ರ ಒಂದೇ ಮೆಟ್ಟಿಲಿನದು: ‘*.ನಮ್ಮಂಗಡಿ.ಇನ್’ ಪ್ರಮಾಣಪತ್ರ ‘ಆರ್ಡರ್.ನಮ್ಮಂಗಡಿ.ಇನ್’ಗೆ ಸಲ್ಲುತ್ತದೆ, ‘ಚಿತ್ರದುರ್ಗ.ಆರ್ಡರ್.ನಮ್ಮಂಗಡಿ.ಇನ್’ಗೆ ಸಲ್ಲದು. ಕ್ಲೌಡ್‌ಫ್ಲೇರ್‌ನ ಉಚಿತ ಪ್ರಮಾಣಪತ್ರವೂ ಹೀಗೇ. ಚಿತ್ರದುರ್ಗ, ಹೊಳಲ್ಕೆರೆ, ಹರಿಹರ ಶಾಖೆಗಳಿಗೆ ಪ್ರತ್ಯೇಕ ಹೆಸರು ಬೇಕಿದ್ದರೆ ‘ಆರ್ಡರ್-ಹರಿಹರ’ ಎಂದು ಹೈಫನ್ ಹಾಕಿ ಒಂದೇ ಮೆಟ್ಟಿಲಿನಲ್ಲಿ ಮುಗಿಸಿ. ಉಚಿತ ಪ್ರಮಾಣಪತ್ರ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನಿಂದ ನಕ್ಷತ್ರದ ಪ್ರಮಾಣಪತ್ರಕ್ಕೆ ಟಿಎಕ್ಸ್‌ಟಿ ಮೂಲಕವೇ ಪರೀಕ್ಷೆ ಆಗಬೇಕು. ಪ್ರಮಾಣಪತ್ರ ನಿರಾಕರಣೆಯಾದರೆ ಮುಖ್ಯ ಡೊಮೇನಿನ ಸಿಎಎ ರೆಕಾರ್ಡ್ (ಪ್ರಮಾಣಪತ್ರ ಕೊಡಲು ಯಾರಿಗೆ ಅನುಮತಿ ಎಂದು ಹೇಳುವುದು) ನೋಡಿ, ಸಬ್‌ಡೊಮೇನಿಗೆ ತನ್ನದೇ ಸಿಎಎ ಇಲ್ಲದಿದ್ದರೆ ಮೇಲಿನದೇ ಅನ್ವಯ. ಸೋತ ಪ್ರಯತ್ನಗಳಿಗೂ ಮಿತಿ ಇರುವುದರಿಂದ, ಕಾರಣ ತಿಳಿಯದೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿ.

ಕ್ಲೌಡ್‌ಫ್ಲೇರ್‌ನ ಕಿತ್ತಳೆ ಮೋಡ (ನಿಮ್ಮ ಸೈಟಿನ ಮುಂದೆ ಅವರ ಸರ್ವರ್ ನಿಲ್ಲಿಸುವ ಆಯ್ಕೆ) ಚಾಲೂ ಇದ್ದಾಗ ಎನ್‌ಎಸ್‌ಲುಕಪ್ ಅವರ ಐಪಿಯನ್ನು ತೋರಿಸುವುದು ಸಹಜ, ತಪ್ಪಲ್ಲ. ಸೈಟ್ ತನ್ನನ್ನೇ ಸುತ್ತುತ್ತಾ ‘ತುಂಬಾ ರೀಡೈರೆಕ್ಟ್’ ಎಂದರೆ ಅವರ ಎಸ್‌ಎಸ್‌ಎಲ್ ‘ಫ್ಲೆಕ್ಸಿಬಲ್’ನಲ್ಲಿದೆಯೇ ನೋಡಿ. ನಿಮ್ಮ ಸರ್ವರಿನಲ್ಲಿ ಸರಿಯಾದ ಪ್ರಮಾಣಪತ್ರ ಹಾಕಿ ‘ಫುಲ್ ಸ್ಟ್ರಿಕ್ಟ್’ಗೆ ಬದಲಿಸಿ.

ಸರ್ವರ್ ನಿಮ್ಮದೇ ಜಾಗದಲ್ಲಿದ್ದರೆ

ಚಳ್ಳಕೆರೆಯ ಎಣ್ಣೆ ಮಿಲ್ಲಿನ ಬಿಲ್ಲಿಂಗ್ ಕಂಪ್ಯೂಟರಿಗೋ ಹಿರಿಯೂರಿನ ದಾಳಿಂಬೆ ತೋಟದ ಕ್ಯಾಮೆರಾಗೋ ಸಬ್‌ಡೊಮೇನ್ ಕೊಡಬೇಕೆಂದರೆ ರೂಟರಿನ ಪುಟದಲ್ಲಿ ಕಾಣುವ ವ್ಯಾನ್ (ಹೊರಜಾಲದ) ಐಪಿಯನ್ನೂ ಹೊರಗಿನ ಸೈಟ್ ತೋರಿಸುವ ನಿಮ್ಮ ಐಪಿಯನ್ನೂ ಹೋಲಿಸಿ. ಎರಡೂ ಬೇರೆಯಿದ್ದರೆ, ವಿಶೇಷವಾಗಿ ರೂಟರಿನದು 100.64ರಿಂದ 100.127ರ ನಡುವೆ ಶುರುವಾದರೆ, ನೀವು ಹಲವರು ಹಂಚಿಕೊಂಡ ಐಪಿಯ ಹಿಂದಿದ್ದೀರಿ. ಯಾವ ಎ ರೆಕಾರ್ಡೂ ನಿಮ್ಮ ಮನೆಬಾಗಿಲಿಗೆ ತಲುಪದು. ಇಂಟರ್ನೆಟ್ ಕೊಡುವವರಿಂದ ಸ್ಥಿರ ಐಪಿ ಪಡೆಯಿರಿ ಅಥವಾ ಹೊರಗಿನ ಸರ್ವರ್ ಮೂಲಕ ನಿಮ್ಮ ಕಂಪ್ಯೂಟರನ್ನು ತಲುಪಿಸುವ ಟನಲ್ ಸೇವೆ ಬಳಸಿ. ಹೊರಗಿನಿಂದ ತೆರೆದು ಒಳಗಿನ ವೈಫೈನಿಂದ ಮಾತ್ರ ತೆರೆಯದಿದ್ದರೆ ರೂಟರಿಗೆ ತನ್ನದೇ ಹೊರ ವಿಳಾಸಕ್ಕೆ ತಿರುಗಿ ಬರಲು ಬರುತ್ತಿಲ್ಲ. ‘ನ್ಯಾಟ್ ಲೂಪ್‌ಬ್ಯಾಕ್’ ಎಂಬ ಆಯ್ಕೆ ಇದ್ದರೆ ಚಾಲೂ ಮಾಡಿ. ಕ್ಯಾಮೆರಾವನ್ನು ಪಾಸ್‌ವರ್ಡ್ ಬದಲಿಸದೆ ಹೀಗೆ ಹೊರಗೆ ತೆರೆದಿಡಬೇಡಿ.

ಕನ್ನಡದಲ್ಲೇ ಡೊಮೇನ್ ಇದ್ದರೆ

‘ಡಾಟ್ ಭಾರತ’ ಕನ್ನಡ ಲಿಪಿಯಲ್ಲೂ ಸಿಗುತ್ತದೆ. ಡಿಎನ್‌ಎಸ್ ಒಳಗೆ ಕನ್ನಡ ಅಕ್ಷರ ಹಾಗೇ ಇರುವುದಿಲ್ಲ. ‘ಎಕ್ಸ್‌ಎನ್’ ಮತ್ತು ಎರಡು ಹೈಫನ್‌ನಿಂದ ಶುರುವಾಗುವ ಪ್ಯೂನಿಕೋಡ್ ರೂಪದಲ್ಲಿ ಇರುತ್ತದೆ, 63ರ ಮಿತಿಯೂ ಆ ರೂಪಕ್ಕೇ. ನಮ್ಮ ಬರವಣಿಗೆಗೆ ವಿಶೇಷವಾದ ಒಂದು ಅಪಾಯ ಇಲ್ಲಿದೆ: ‘ಸಾಫ್ಟ್‌ವೇರ್’ ಎಂದು ಒತ್ತು ಬಿಡಿಸಿ ಬರೆಯಲು ನಾವು ಹಾಕುವ, ಕಣ್ಣಿಗೆ ಕಾಣದ ಜೋಡಣೆ ತಡೆಯುವ ಅಕ್ಷರ. ‘ಮಾರ್ಕೆಟ್’ ಎಂಬುದರ ಕೊನೆಯಲ್ಲಿ ಅದು ಅಕಸ್ಮಾತ್ ಉಳಿದರೆ ಪರದೆಯ ಮೇಲೆ ಯಾವ ವ್ಯತ್ಯಾಸವೂ ಕಾಣದು, ಪ್ಯೂನಿಕೋಡ್ ಮಾತ್ರ ಬೇರೆಯೇ ಆಗಬಹುದು. ಇಂಥ ಡೊಮೇನುಗಳ ಹಳೆಯ ನಿಯಮ ಈ ಅಕ್ಷರವನ್ನು ಬಿಟ್ಟುಬಿಡುತ್ತಿತ್ತು, 2008ರ ನಿಯಮ ವಿರಾಮದ (‘ಟ್’ನಲ್ಲಿರುವಂತೆ ಸ್ವರ ತೆಗೆಯುವ ಚಿಹ್ನೆ) ನಂತರ ಬಂದರೆ ಉಳಿಸಿಕೊಳ್ಳುತ್ತದೆ. ಹಾಗಾಗಿ ಒಂದು ತಂತ್ರಾಂಶದಲ್ಲಿ ತೆರೆದು ಇನ್ನೊಂದರಲ್ಲಿ ತೆರೆಯದೆ ಇರಬಹುದು. ಸಬ್‌ಡೊಮೇನಿಗೆ ‘ಮಂಡಿ’, ‘ಅಂಗಡಿ’ಯಂತೆ ಸ್ವರದಲ್ಲಿ ಮುಗಿಯುವ, ಆ ತಡೆಯ ಹಂಗಿಲ್ಲದ ಪದ ಆರಿಸಿ. ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿಟ್ಟ ಪಠ್ಯದಿಂದ ನಕಲು ಮಾಡಬೇಡಿ, ಅದು ಯೂನಿಕೋಡ್ ಅಲ್ಲ. ಯೂನಿಕೋಡ್‌ನಲ್ಲಿ ಹೊಸದಾಗಿ ಟೈಪ್ ಮಾಡಿ, ಪ್ಯೂನಿಕೋಡ್‌ಗೆ ತಿರುಗಿಸಿ, ಅದನ್ನೇ ಪ್ಯಾನೆಲ್‌ನಲ್ಲಿ ಹಾಕಿ.

ಬಿಟ್ಟುಹೋದ ರೆಕಾರ್ಡುಗಳು

ಹಬ್ಬದ ಮಾರಾಟಕ್ಕೆಂದು ಹೊರಗಿನ ಸೇವೆಯೊಂದರಲ್ಲಿ ಪುಟ ಮಾಡಿ, ‘ದೀಪಾವಳಿ.ನಮ್ಮಂಗಡಿ.ಇನ್’ನಿಂದ ಅಲ್ಲಿಗೆ ಸಿನೇಮ್ ಹಾಕಿ, ಹಬ್ಬ ಮುಗಿದ ಮೇಲೆ ಆ ಖಾತೆ ಮುಚ್ಚುತ್ತಾರೆ. ಸಿನೇಮ್ ಉಳಿಯುತ್ತದೆ. ಕೆಲವು ಸೇವೆಗಳಲ್ಲಿ ಆ ಖಾಲಿಯಾದ ಹೆಸರನ್ನು ಬೇರೆ ಯಾರಾದರೂ ತಮ್ಮದಾಗಿಸಿಕೊಳ್ಳಬಹುದು, ಆಗ ನಿಮ್ಮ ಅಂಗಡಿಯ ಹೆಸರಿನಲ್ಲಿ ಅವರ ಪುಟ ತೆರೆಯುತ್ತದೆ. ಅದಕ್ಕೆ ಸರಿಯಾದ ಪ್ರಮಾಣಪತ್ರವನ್ನೂ ಅವರು ಪಡೆಯಬಲ್ಲರು, ಗಿರಾಕಿಗೆ ಅನುಮಾನ ಬರಲು ಕಾರಣವೇ ಇರುವುದಿಲ್ಲ. ಆರು ತಿಂಗಳಿಗೊಮ್ಮೆ ಪ್ಯಾನೆಲ್‌ನ ಪೂರ್ತಿ ಪಟ್ಟಿ ತೆಗೆದು ಪ್ರತಿ ಸಿನೇಮ್‌ನ ಗುರಿಯನ್ನೂ ಎನ್‌ಎಸ್‌ಲುಕಪ್‌ನಲ್ಲಿ ಕೇಳಿ, ಬ್ರೌಸರಿನಲ್ಲೂ ತೆರೆದು ನೋಡಿ. ಎ ರೆಕಾರ್ಡುಗಳಲ್ಲಿ 198.51.100.7ರಂಥ ಹಳೆಯ ಸರ್ವರಿನ ವಿಳಾಸ ಉಳಿದಿದ್ದರೆ ಅದನ್ನೂ ತೆಗೆಯಿರಿ, ಆ ಐಪಿ ಈಗ ಇನ್ಯಾರಿಗೋ ಸಿಕ್ಕಿರಬಹುದು. ಯಾವುದೇ ಸೇವೆ ನಿಲ್ಲಿಸುವಾಗ ಮೊದಲು ರೆಕಾರ್ಡ್ ಅಳಿಸಿ, ಅದರ ಟಿಟಿಎಲ್ ಕಳೆದ ಮೇಲೆ ಖಾತೆ ಮುಚ್ಚಿ.